ಸ್ಕೈರಿಮ್ ಇಷ್ಟಪಟ್ಟವನಿಗೆ ಜಪಾನೀಸ್ ಆರ್‌ಪಿಜಿ ಹಿಡಿಸುತ್ತದಾ?

ಜಪಾನೀಸ್ ಆಟಗಳಲ್ಲಿ ನಮ್ಮ ಆಯ್ಕೆಗೆ ಬೆಲೆ ಇಲ್ಲ, ಸುಮ್ನೆ ಕಥೆ ನೋಡ್ತಾ ಕೂರಬೇಕು ಅಂದಿದ್ದೀರಿ. 2020ರಲ್ಲಿ ನಾನೂ ಇದನ್ನೇ ನಂಬಿದ್ದೆ. ಅದರಿಂದ ಹೋಗಿದ್ದು 60 ಗಂಟೆಗೂ ಜಾಸ್ತಿ.

ಅಮೆರಿಕದ ಸ್ಕೈರಿಮ್ ನನ್ನ ಮೊದಲ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ವಿಡಿಯೋ ಗೇಮ್. ಅಲ್ಲಿ ಮುಖ್ಯ ಕಥೆ ಬಿಟ್ಟು ಯಾವುದೋ ಬೆಟ್ಟ ಹತ್ತಿದರೂ ಯಾರೂ ಕೇಳುವುದಿಲ್ಲ. ಮಾತು ಸ್ಕಿಪ್ ಮಾಡಿದರೂ ಎಲ್ಲಿ ಹೋಗಬೇಕು ಅಂತ ಮ್ಯಾಪಿನಲ್ಲೇ ಗುರುತು ಬರುತ್ತದೆ. ಅದೇ ಅಭ್ಯಾಸದಲ್ಲಿ ಲಾಕ್‌ಡೌನ್ ಹೊತ್ತಿಗೆ ಜಪಾನಿನ ಪರ್ಸೋನಾ 4 ಗೋಲ್ಡನ್ ಶುರು ಮಾಡಿದೆ, ಆಗಷ್ಟೇ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಗೆ ಬಂದಿತ್ತು. ಪೇಟೆ ಹುಡುಗನೊಬ್ಬ ಒಂದು ವರ್ಷಕ್ಕೆ ಅಂತ ಸಣ್ಣ ಊರಿನಲ್ಲಿರುವ ಸೋದರಮಾವನ ಮನೆಗೆ ಬರುತ್ತಾನೆ, ಊರಲ್ಲಿ ಕೊಲೆಗಳಾಗುತ್ತವೆ. ಒಂದೊಂದೇ ದಿನ ಸಾಗುತ್ತದೆ. ಶಾಲೆ, ಗೆಳೆಯರು, ರಾತ್ರಿ ಮಾವನ ಪುಟ್ಟ ಮಗಳು ನಾನಾಕೊ ಜೊತೆ ಊಟ. ಮೊದಲ ಎರಡು ಮೂರು ಗಂಟೆ ಹೆಚ್ಚುಕಡಿಮೆ ಬರೀ ಮಾತು. ನಾನು ಓದಲಿಲ್ಲ, ಬಟನ್ ಒತ್ತಿ ಓಡಿಸಿದೆ.

ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಟದ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಒಂದು ಕೋಣೆ ಬರುತ್ತದೆ. ಗೆಳೆಯರೆಲ್ಲ ಸಿಟ್ಟು, ದುಃಖದಲ್ಲಿರುತ್ತಾರೆ. ನೀನೇನು ಹೇಳ್ತೀಯಾ ಅಂತ ಒಂದರ ಹಿಂದೆ ಒಂದು ಪ್ರಶ್ನೆ. "ತಾಳಿ, ಇಲ್ಲೇನೋ ಸರಿಯಿಲ್ಲ" ಅಂತ ನಾನು ಅವರನ್ನು ತಡೆಯಬೇಕಿತ್ತು. ಹಾಗೆ ಅನ್ನಿಸಬೇಕಾದರೆ ಅಲ್ಲಿಯವರೆಗಿನ ಮಾತು ತಲೆಯಲ್ಲಿ ಇರಬೇಕಲ್ವಾ? ಕೈಗೆ ಸಿಕ್ಕಿದ್ದನ್ನು ಪಟಪಟ ಒತ್ತಿದೆ. ಆಟ ನೇರ ಮಾರ್ಚ್‌ಗೆ ಹಾರಿ ಮುಗಿದೇಹೋಯಿತು. ಕಥೆ ಇಷ್ಟೇ ಅಂದುಕೊಂಡೆ. ತಮ್ಮ ಆಡ್ತೀನಿ ಅಂದಾಗ ಹೊಸದಾಗಿ ಶುರು ಮಾಡಿ, ನನ್ನ ಒಂದೇ ಒಂದು ಸೇವ್ ಇತ್ತಲ್ಲ, ಅದರ ಮೇಲೇ ಸೇವ್ ಮಾಡಿಕೊಟ್ಟೆ. ಅದು ಆಟದ ಹಲವು ಮುಕ್ತಾಯಗಳಲ್ಲಿ ಒಂದು ಕೆಟ್ಟ ಮುಕ್ತಾಯ, ನಿಜವಾದ ಕೊಲೆಗಾರ ಇನ್ನೂ ಸಿಕ್ಕೇ ಇಲ್ಲ ಅಂತ ಗೊತ್ತಾಗಿದ್ದು ಎರಡು ದಿನ ಬಿಟ್ಟು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಪೋಲೆಂಡಿನ ವಿಚರ್ 3ರಲ್ಲಿ ಗೆರಾಲ್ಟ್ ಆಟದವರೇ ಕೊಟ್ಟ ನಾಯಕ, ನಮ್ಮ ಸೃಷ್ಟಿ ಅಲ್ಲ. 2011ರ ಡಾರ್ಕ್ ಸೋಲ್ಸ್ ಜಪಾನಿನದು, ಅದರಲ್ಲಿ ಪಾತ್ರ ನಾವೇ ಮಾಡಿಕೊಳ್ಳಬೇಕು, ಕಥೆ ಬಾಯಿ ಬಿಟ್ಟು ಹೇಳುವುದೇ ಕಮ್ಮಿ. ಇನ್ನು ಜಪಾನಿನಲ್ಲಿ ಆರ್‌ಪಿಜಿಗೆ ದಾರಿ ಹಾಕಿದ 1986ರ ಡ್ರ್ಯಾಗನ್ ಕ್ವೆಸ್ಟ್ ಹುಟ್ಟಿದ್ದೇ ಅಮೆರಿಕದ ಅಲ್ಟಿಮಾ, ವಿಜಾರ್ಡ್ರಿ ಆಟಗಳನ್ನು ನೋಡಿಕೊಂಡು. ದೇಶ ನೋಡಿ ಆಟ ಆರಿಸಬೇಡಿ.

ಪರ್ಸೋನಾ 4 ಗೋಲ್ಡನ್ ತಗೊಳ್ಳಿ. ದಿನಕ್ಕೆ ಒಂದು ಗಂಟೆ ಸಾಕು, ಆದರೆ ಮಾತು ಓಡಿಸಬೇಡಿ. ನಾನು ಎರಡನೇ ಸಲ ಮೊದಲಿಂದ ಆಡಿದೆ, ಮೂರು ತಿಂಗಳು ಹಿಡಿಯಿತು. ನಾನಾಕೊ ಟಿವಿ ಮುಂದೆ ಕೂತು ಜೂನೆಸ್ ಅಂಗಡಿಯ ಜಾಹೀರಾತು ಹಾಡುತ್ತಾಳಲ್ಲ, ಮೊದಲ ಸಲ ಅದನ್ನೂ ಓಡಿಸಿದ್ದೆ. ಈ ಸಲ ಆಸ್ಪತ್ರೆಯ ಕೋಣೆಗೆ ಬಂದಾಗ ಆ ಹಾಡೇ ತಲೆಯಲ್ಲಿತ್ತು, ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಉತ್ತರ ಕೊಟ್ಟೆ.

ಡಿಸೆಂಬರ್‌ಗೆ ಮೊದಲು ಇನ್ನೊಂದು ಸ್ಲಾಟ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.