ಅಂಬೆಗಾಲಿಡದ ಕೂಸು, ಹುಳುಮನೆಯ ನೆಲ

ಸಲಹೆ ಕೇಳಿ ಬಂದದ್ದು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಕೂಡು ಕುಟುಂಬ. ರೇಷ್ಮೆ ಹುಳು ಸಾಕುವ ಹುಳುಮನೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. 11 ತಿಂಗಳ ಗಂಡು ಕೂಸು. ಮಕ್ಕಳ ಬೆಳವಣಿಗೆ ಗುರುತಿಸುವ ಮೊಬೈಲ್ ಆ್ಯಪ್‌ನಲ್ಲಿ ಅಂಬೆಗಾಲಿನ ಸಾಲು ಕೆಂಪಾದ ದಿನದಿಂದ ತಾಯಿಗೆ ನಿದ್ದೆಯಿಲ್ಲ. “ಅತ್ತೆ ಸೊಂಟದಿಂದ ಇಳಿಸೋದೇ ಇಲ್ಲ, ಅದಕ್ಕೇ ಹಿಂಗಾಗಿದೆ” ಎಂಬುದು ಅವರ ದೂರು. ಅತ್ತೆಯ ಉತ್ತರ: “ನೆಲಕ್ಕೆ ಬಿಟ್ರೆ ಸುಣ್ಣದ ಪುಡಿ ಬಾಯಿಗೆ ಹಾಕ್ಕೊಳ್ಳುತ್ತೆ ಕಣಮ್ಮ. ಮೂರು ಮಕ್ಕಳನ್ನ ಹಿಂಗೇ ಸಾಕಿದ್ದೀನಿ.”

ಮಾತಿಗೆ ಕೂರುವ ಮೊದಲು ಕೂಸನ್ನು ನೋಡಲಾಯಿತು. ಆಸರೆಯಿಲ್ಲದೆ ಗಟ್ಟಿಯಾಗಿ ಕೂರುತ್ತದೆ. ಎರಡೂ ಕೈ ಸಮನಾಗಿ ಬಳಸುತ್ತದೆ, ಲೋಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಹೆಸರು ಕರೆದರೆ ತಿರುಗುತ್ತದೆ. ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ಕಾಲೂರುತ್ತದೆ. ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಏರುತ್ತಲೇ ಇದೆ.

ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಂಬೆಗಾಲಿನ ವಯಸ್ಸು 5.2ರಿಂದ 13.5 ತಿಂಗಳು, ಒಂಟಿಯಾಗಿ ನಡೆಯುವುದು 8.2ರಿಂದ 17.6. ನೂರಕ್ಕೆ ನಾಲ್ಕು ಮಕ್ಕಳು ಕೈ–ಮಂಡಿಯ ಮೇಲೆ ಹರಿದಾಡದೆಯೇ ನಡೆದವು. ಆ್ಯಪ್ ತೋರಿಸಿದ್ದು ಒಂದೇ ತಿಂಗಳನ್ನು. ಈ ಅಗಲವನ್ನು ಹೇಳಲಿಲ್ಲ. ತಾಯಿಯ ಮುಖ ಸಡಿಲವಾದದ್ದು ಇಲ್ಲಿ.

ಹಾಗೆಂದು ಅತ್ತೆಯ ಮಾತೇ ಪೂರ್ತಿ ಸರಿಯೆಂದಲ್ಲ. ಮನೆಯವರು ಯಾವುದಕ್ಕೆ ಅವಕಾಶ ಕೊಡುತ್ತಾರೋ ಅದನ್ನು ಮಗು ಬೇಗ ಕಲಿಯುತ್ತದೆ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ನೆಲದಲ್ಲಿ ಸಣ್ಣ ಗುಂಡಿ ತೋಡಿ ಕೂಸನ್ನು ಕೂರಿಸಿ ಅಭ್ಯಾಸ ಮಾಡಿಸುವುದನ್ನು ಸಂಶೋಧಕ ಚಾರ್ಲ್ಸ್ ಸೂಪರ್ 1976ರಲ್ಲಿ ದಾಖಲಿಸಿದರು. ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ ಕೂತವು, ನಡೆದವು. ಯಾರೂ ಕಲಿಸದ ಅಂಬೆಗಾಲಿನಲ್ಲಿ ಮಾತ್ರ ಮುಂದಿರಲಿಲ್ಲ. ಪರಾಗ್ವೆಯ ಕಾಡಿನ ಅಚೇ ಜನರು ಅಪಾಯಕ್ಕೆ ಹೆದರಿ ಕೂಸನ್ನು ನೆಲಕ್ಕೇ ಬಿಡುತ್ತಿರಲಿಲ್ಲ. ಅಲ್ಲಿ ನಡಿಗೆ ಬರುತ್ತಿದ್ದದ್ದು ಎರಡು ವರ್ಷದ ಆಸುಪಾಸಿಗೆ. ಮುಂದೆ ಅವೇ ಮಕ್ಕಳು ಮರ ಹತ್ತುವುದರಲ್ಲಿ ನುರಿತರು. ಹುಳುಮನೆಯಲ್ಲಿ ಸೋಂಕು ತಡೆಯಲು ಬಳಸುವ ಸುಣ್ಣ, ಬ್ಲೀಚಿಂಗ್ ಪುಡಿಗೆ ಅಂಜುವ ಅಜ್ಜಿಯ ಎಚ್ಚರವೂ ಅಂಥದ್ದೇ. ಆ ಎಚ್ಚರಕ್ಕೆ ಮರ್ಯಾದೆ ಕೊಡದೆ “ಕೆಳಗೆ ಬಿಡಿ” ಎಂದರೆ ಯಾರೂ ಬಿಡುವುದಿಲ್ಲ.

ಆದ್ದರಿಂದ ಸಲಹೆ ನೆಲದಿಂದಲೇ ಶುರುವಾಯಿತು. ಹುಳುಮನೆಗೆ ದೂರದ ಒಂದು ಕೋಣೆ. ಅಲ್ಲಿಗೆ ಹುಳುಮನೆಯ ಚಪ್ಪಲಿ, ಬಟ್ಟೆ ಬರಬಾರದು. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಜಮಖಾನ ಹಾಸುವುದು. ಹಾಲು ಕುಡಿದು ಅರ್ಧ ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ, ಹತ್ತರಿಂದ ಹದಿನೈದು ನಿಮಿಷ ಕೂಸನ್ನು ಅದರ ಮೇಲೆ ಬಿಡುವುದು. ಮಂಡಿ, ಪಾದ ಬರಿದಾಗಿರಲಿ. ಸಾಕ್ಸ್ ಹಾಕಿದರೆ ಕಾಲು ಜಾರುತ್ತದೆ. ಸ್ಟೀಲ್ ಲೋಟವನ್ನು ಕೈಗೆಟಕುವುದಕ್ಕಿಂತ ಒಂದು ಗೇಣು ಆಚೆ ಇಡಬೇಕು. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ: ಲೋಟ ಮೂರು ಮಾರು ದೂರವಿರುತ್ತದೆ, ಕೂಸು ಅಳುತ್ತದೆ, ಎತ್ತಿಕೊಳ್ಳುತ್ತಾರೆ, ಅತ್ತರೆ ಎತ್ತುತ್ತಾರೆಂಬುದನ್ನೇ ಅದು ಕಲಿಯುತ್ತದೆ. ಎದುರಿಗೆ ಕೂರುವ ಕೆಲಸ ಅಜ್ಜಿಯದು, ಏಕೆಂದರೆ ಕೂಸು ಹೆಚ್ಚು ನಂಬುವುದು ಅವರನ್ನೇ. ಹಿಡಿದು ನಿಲ್ಲಲು ಅಲುಗದ ತಗ್ಗು ಮಂಚ ಸಾಕು. ಪ್ಲಾಸ್ಟಿಕ್ ಕುರ್ಚಿ ಮಗುಚುತ್ತದೆ.

ಸೊಂಟದ ಮೇಲೆ ಎತ್ತಿಕೊಳ್ಳುವುದನ್ನು, ಪಕ್ಕದಲ್ಲಿ ಮಲಗಿಸುವುದನ್ನು ಬಿಡಬೇಕಿಲ್ಲ. ಮಾವ ತರಲಿದ್ದ, ಒಳಗೆ ಕೂರಿಸುವ ವಾಕರ್ ಮಾತ್ರ ಬೇಡವೇ ಬೇಡ: ನಡಿಗೆಯನ್ನು ಅದು ಬೇಗ ತರುವುದಿಲ್ಲ, ಹೊಸ್ತಿಲಲ್ಲಿ ಉರುಳುತ್ತದೆ, ಕ್ಷಣದಲ್ಲಿ ಒಲೆಯ ಬಳಿ ತಲುಪಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು.

ಒಂದೇ ಕೈ ಬಳಸುವುದು, ಒಂದು ಕಾಲು ಎಳೆಯುವುದು, ಕಲಿತದ್ದನ್ನು ಮರೆಯುವುದು ಕಂಡರೆ ಕಾಯದೆ ಮಕ್ಕಳ ತಜ್ಞರಿಗೆ ತೋರಿಸಬೇಕು. 18 ತಿಂಗಳಾದರೂ ನಡೆಯದಿದ್ದರೂ ಹಾಗೆಯೇ. ಇದನ್ನು ತಾಯಿ ಕಾರ್ಡ್‌ನ ಹಿಂಬದಿಯಲ್ಲಿ ಬರೆದುಕೊಡಲಾಯಿತು.

ಐದು ವಾರದ ನಂತರ ಬಂದಾಗ ಕೂಸು ಅಂಬೆಗಾಲಿಟ್ಟಿರಲಿಲ್ಲ. ಕುಂಡಿಯ ಮೇಲೆ ಜರುಗುತ್ತಾ ಹೋಗಿ ಮಂಚ ಹಿಡಿದು ನಿಲ್ಲುತ್ತಿತ್ತು. ಆ್ಯಪ್ ಇನ್ನೂ ತಾಯಿಯ ಫೋನಿನಲ್ಲಿದೆ. ಜಮಖಾನ ಹಾಸುವುದು ಈಗ ಅತ್ತೆಯೇ.