ಕುಲಪತಿಗಾಗಿ ಗಂಟಲು ಕಟ್ಟುವುದುಂಟೇ?

ಹೆಸರು ಹಾಕಬೇಡಿ ಎಂದು ಕೋರಿ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಓದಿದವರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರ ಮಾತು ಬಂದರೆ ಈಗಲೂ ಅವರ ಗಂಟಲು ಕಟ್ಟುತ್ತದೆ. ನಾನು ಓದಿದ ವಿಶ್ವವಿದ್ಯಾಲಯದ ಕುಲಪತಿ ಯಾರೆಂದು ನನಗೆ ತಿಳಿದದ್ದು ಪದವಿ ಪ್ರಮಾಣಪತ್ರದ ಕೆಳಗಿನ ಸಹಿ ನೋಡಿದಾಗ. ಮೇಷ್ಟ್ರನ್ನು ಪ್ರೀತಿಸುವುದು ಅರ್ಥವಾಗುತ್ತದೆ. ಆಡಳಿತ ಮಾಡುವವರನ್ನೂ ಹೀಗೆ ನೆನೆಯುತ್ತಾರೆಯೇ? ಇಲ್ಲ, ಇದು ವಯಸ್ಸಾದವರ ಹಳಹಳಿಕೆ ಮಾತ್ರವೇ?’

ಸಹಿಯ ವಿಷಯ ಓದಿ ನಗು ಬಂತು. ನಿಮಗಾದರೂ ಸಹಿ ಓದಲು ಬಂದಿದೆ, ನನ್ನ ಪ್ರಮಾಣಪತ್ರದಲ್ಲಿರುವುದು ಒಂದು ಗೀಚು.

ಹಳಹಳಿಕೆ ಇಲ್ಲ ಎನ್ನಲಾರೆ. ಹೋದವರೆಲ್ಲ ದೊಡ್ಡವರಾಗುವುದು ನಮ್ಮಲ್ಲಿ ಮಾಮೂಲು. ನಮ್ಮ ಕಚೇರಿಗೆ ಬರುವ ಶ್ರದ್ಧಾಂಜಲಿ ಲೇಖನಗಳಲ್ಲಿ ಅರ್ಧಕ್ಕರ್ಧ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತವೆ. ‘ಸರಳ ಸಜ್ಜನಿಕೆಯ ಮೂರ್ತಿ’ ಎಂದು ಶುರುವಾದರೆ ಮುಂದಿನ ಪುಟ ನಾನು ತಿರುವುವುದಿಲ್ಲ. ಆದರೆ ಎಚ್ಚೆನ್ ಎಂದೇ ಕರೆಸಿಕೊಂಡ ನರಸಿಂಹಯ್ಯನವರ ವಿಷಯದಲ್ಲಿ ಸರಳತೆ ಎಂಬ ಆ ಸವಕಲು ಮಾತಿಗೆ ಒಂದು ವಿಳಾಸವಿತ್ತು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಬಡ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದವರು. 1946ರಲ್ಲಿ ಅದೇ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ವಾಪಸು ಬಂದದ್ದೂ ಅಲ್ಲಿಗೇ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಕೊನೆಯವರೆಗೂ ಬದಲಾಗಲಿಲ್ಲ.

ನಿಮ್ಮ ತಂದೆಯ ಗಂಟಲು ಏಕೆ ಕಟ್ಟುತ್ತದೆ ಎಂಬುದಕ್ಕೆ ನನ್ನ ಮಟ್ಟಿಗೆ ಉತ್ತರ ಆ ಕೋಣೆಯಲ್ಲಿದೆ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅವರು ಹಾಸ್ಟೆಲ್ ಬಿಡಲಿಲ್ಲ. ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಗೊತ್ತು, ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಾರರು. ಮೇಷ್ಟ್ರು ಎಷ್ಟು ಹೊತ್ತಿಗೆ ಏಳುತ್ತಾರೆ, ಅವರ ಪಂಚೆ ಎಲ್ಲಿ ಒಣಗುತ್ತಿದೆ ಎಂಬುದೆಲ್ಲ ಹುಡುಗರಿಗೆ ತಿಳಿಯುತ್ತದೆ. ಅಧಿಕಾರಕ್ಕೆ ಒಂದಿಷ್ಟು ದೂರ ಬೇಕು, ಗೇಟು ಬೇಕು, ಕಾರಿನ ಗಾಜು ಬೇಕು. ಅದನ್ನು ಬೇಡವೆಂದವರ ಬಗ್ಗೆ ಹುಡುಗರು ಭಯ ಬಿಟ್ಟು ಬೇರೇನೋ ಇಟ್ಟುಕೊಳ್ಳುತ್ತಾರೆ.

ಜನಕ್ಕೆ ನೆನಪಿರುವುದು ಪವಾಡದ ಗಲಾಟೆ. 1976ರಲ್ಲಿ ವಿಶ್ವವಿದ್ಯಾಲಯದಿಂದಲೇ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿ, ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ, ವಿವಾದ ಬಂತು. ಪತ್ರಿಕೆಯವರಾದ ನಾವೂ ಅವರನ್ನು ನೆನೆಯುವಾಗಲೆಲ್ಲ ಇದನ್ನೇ ಮುಂದೆ ಮಾಡುತ್ತೇವೆ, ಸುದ್ದಿಯ ಚಪಲ. ನನಗೆ ಕಾಣುವಂತೆ ಅದು ಹೋರಾಟಕ್ಕಿಂತ ಹೆಚ್ಚಾಗಿ ಮೇಷ್ಟ್ರಿಕೆ. ಪ್ರಯೋಗಶಾಲೆಯಲ್ಲಿ ಹುಡುಗ ರೀಡಿಂಗ್ ತಪ್ಪು ಬರೆದುಕೊಂಡು ಬಂದರೆ ಭೌತಶಾಸ್ತ್ರದ ಮೇಷ್ಟ್ರು ಏನು ಹೇಳುತ್ತಾರೆ? ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತಾರೆ. ಕುಲಪತಿಯ ಕುರ್ಚಿಯಲ್ಲಿ ಕೂತೂ ಅವರು ಹೇಳಿದ್ದು ಅಷ್ಟೇ. 1962ರಲ್ಲಿ ಅವರೇ ಶುರುಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳಿಗೆ ಹೋದವರನ್ನು ಕೇಳಿ. ಅಲ್ಲಿ ಕೇಳಲು ಟಿಕೆಟ್ಟಾಗಲಿ ಡಿಗ್ರಿಯಾಗಲಿ ಬೇಕಿರಲಿಲ್ಲ.

ಹಾಗೆ ನೋಡಿದರೆ ನಮ್ಮ ನಾಡಿನ ಹೆಸರು ಮಾಡಿದ ಕುಲಪತಿಗಳು ಪಾಠದ ಕೋಣೆಯಿಂದಲೇ ಬಂದವರು. ಮೈಸೂರಿನಲ್ಲಿ ಕುವೆಂಪು ಕನ್ನಡದ ಮೇಷ್ಟ್ರು, ಧಾರವಾಡದಲ್ಲಿ ಡಿ.ಸಿ. ಪಾವಟೆ ಗಣಿತದವರು. ಮೈಸೂರು ವಿಶ್ವವಿದ್ಯಾಲಯದ ಆವರಣಕ್ಕೆ ಕುವೆಂಪು ಇಟ್ಟ ಮಾನಸಗಂಗೋತ್ರಿ ಎಂಬ ಹೆಸರನ್ನು ಆಡಳಿತ ಮಾತ್ರ ಬಲ್ಲವರು ಇಡುತ್ತಿದ್ದರೇ?

ಆದರೂ ನಿಮ್ಮ ಪ್ರಶ್ನೆಯ ಒಂದು ತುದಿ ಉಳಿಯುತ್ತದೆ. ಆಡಳಿತವನ್ನೇ ನೆನೆಯುವುದು ಹೇಗೆ? ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಯಾವ ವಿಶ್ವವಿದ್ಯಾಲಯ ಎಂಬುದು ಬೇಡ. ನಮಗೆ ಪಾಠ ಮಾಡುತ್ತಿದ್ದವರೊಬ್ಬರು ಪರೀಕ್ಷಾ ವಿಭಾಗದ ಜವಾಬ್ದಾರಿ ಹೊತ್ತಿದ್ದರು. ದೂರದ ಹಳ್ಳಿಯಿಂದ ಹುಡುಗಿಯೊಬ್ಬಳು ಮೂರನೆಯ ಸಲ ಬಂದಿದ್ದಳು. ಅಂಕಪಟ್ಟಿಯಲ್ಲಿ ಒಂದು ವಿಷಯಕ್ಕೆ ‘ಗೈರುಹಾಜರು’ ಎಂದಿದೆ, ಅವಳು ಪರೀಕ್ಷೆ ಬರೆದಿದ್ದಾಳೆ. ಗುಮಾಸ್ತರು ‘ನಾಳೆ ಬಾಮ್ಮ’ ಎಂದರು. ಮೇಷ್ಟ್ರು ಮಾತಾಡದೆ ಎದ್ದು ದಾಖಲೆ ಕೋಣೆಗೆ ಹೋದರು. ಹಿಂದೆ ನಾನೂ ಹೋದೆ. ಸ್ಟೂಲು ಹತ್ತಿ ಕಟ್ಟು ಇಳಿಸಿಕೊಂಡು, ಕೆಂಪು ದಾರ ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಹಾಜರಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮುಕ್ಕಾಲು ಗಂಟೆ. ಅವಳ ಸಹಿ ಸಿಕ್ಕಿತು. ಕನ್ನಡಕ ಹಣೆಗೇರಿಸಿ ‘ಇದು ನಿನ್ನದೇ ತಾನೇ?’ ಎಂದರು. ಅವಳು ಅಳಲಿಲ್ಲ, ಜೋರಾಗಿ ಸೀನಿದಳು, ಅಷ್ಟು ಧೂಳು.

ಅವರು ನಿವೃತ್ತರಾದಾಗ ಬೀಳ್ಕೊಡುಗೆಯಲ್ಲಿ ಐದಾರು ಜನ ಮಾತಾಡಿದರು. ಈ ಸಂಗತಿ ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ. ಆಡಳಿತದಲ್ಲಿ ಒಳ್ಳೆಯವರು ಮಾಡುವ ಕೆಲಸವೆಲ್ಲ ಹೀಗೆ. ಒಂದು ವರ್ಷ ಹಾಳಾಗಲಿಲ್ಲ, ಒಂದು ಕಡತ ಕೊಳೆಯಲಿಲ್ಲ. ಆಗದೇ ಹೋದದ್ದನ್ನು ಸನ್ಮಾನ ಪತ್ರದಲ್ಲಿ ಹೇಗೆ ಬರೆಯುತ್ತೀರಿ? ಅದು ಆ ಹುಡುಗಿಗೆ ಗೊತ್ತು, ಅಷ್ಟೆ. ನಿಮ್ಮ ತಂದೆಯ ಬಳಿಯೂ ಅಂಥದ್ದೊಂದು ಇರಬಹುದು ಎಂಬ ಗುಮಾನಿ ನನಗಿದೆ.

ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು. ಅವರ ಕೈಕೆಳಗೆ ಓದಿದ ಬಹಳ ಮಂದಿಗೆ ಈಗ ಎಪ್ಪತ್ತರ ಆಸುಪಾಸು. ಹಾಗಾಗಿ ನಿಮಗೊಂದು ಕೆಲಸ. ‘ಎಚ್ಚೆನ್ ಎಂಥವರು’ ಎಂದು ತಂದೆಯನ್ನು ಕೇಳಬೇಡಿ, ವಿಶೇಷಣಗಳು ಬರುತ್ತವೆ. ‘ಅವರನ್ನು ಮೊದಲು ನೋಡಿದ್ದು ಎಲ್ಲಿ, ಅವರು ನಿಂತಿದ್ದರೋ ಕೂತಿದ್ದರೋ, ನೀವು ಏನು ಕೇಳಲು ಹೋಗಿದ್ದಿರಿ’ ಎಂದು ಕೇಳಿ. ಗಂಟಲು ಕಟ್ಟಿದರೆ ಸ್ವಲ್ಪ ಹೊತ್ತು ಸುಮ್ಮನಿರಿ, ಎದ್ದು ಹೋಗಬೇಡಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ನಮಗೆ ಕಳುಹಿಸಿ. ಎರಡು ಪುಟ ಸಾಕು, ಮೂರಾದರೆ ಕತ್ತರಿಸುವುದಿಲ್ಲ.

— ಸಂಪಾದಕ