ಮರುಭೂಮಿಯ ನಡುವಿನ ಲೇಕ್ ಮೀಡ್‌ಗೆ ಯಾವಾಗ ಹೋಗಬೇಕು?

ಪ್ರಶ್ನೆ: ಜುಲೈನಲ್ಲಿ ಲಾಸ್ ವೇಗಸ್‌ಗೆ ಹೋಗುತ್ತಿದ್ದೇವೆ. ಹತ್ತಿರದ ಲೇಕ್ ಮೀಡ್ ಸರೋವರದಲ್ಲಿ ಮಕ್ಕಳ ಜೊತೆ ನಡಿಗೆ, ಕಯಾಕಿಂಗ್ (ಕಿರಿದಾದ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುವುದು) ಎಲ್ಲ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಆಗುವುದಾದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜುಲೈನಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆರಳು ತೀರಾ ಕಡಿಮೆ, ಮಕ್ಕಳು ಬಾಯಾರಿಕೆ ಅನ್ನುವ ಹೊತ್ತಿಗೆ ಸುಸ್ತಾಗಿಬಿಟ್ಟಿರುತ್ತಾರೆ. ತಾರೀಖು ಬದಲಿಸಲು ಆಗಲ್ಲ ಅಂದರೆ ಬೆಳಕು ಹರಿಯುವಾಗಲೇ ನೀರಿಗಿಳಿದು, ಬಿಸಿಲೇರುವ ಮೊದಲೇ ವಾಪಸ್ ಬನ್ನಿ. ಗಾಳಿ ಇದ್ದಕ್ಕಿದ್ದಂತೆ ಏಳುತ್ತದೆ. ಲೈಫ್ ಜಾಕೆಟ್ ಎಲ್ಲರಿಗೂ ಇರಲಿ, ಈಜು ಬರುವವರಿಗೂ.

ನಡಿಗೆಗೆ ಹಳೆಯ ರೈಲು ದಾರಿ ನನಗೆ ತುಂಬಾ ಇಷ್ಟ. 1930ರ ದಶಕದಲ್ಲಿ, ಈ ಸರೋವರಕ್ಕೆ ಕಾರಣವಾದ ಹೂವರ್ ಅಣೆಕಟ್ಟು ಕಟ್ಟಲು ಸಾಮಾನು ಸಾಗಿಸಿದ ದಾರಿ ಅದು. ಈಗ ಹಳಿಗಳಿಲ್ಲ, ಜಾಸ್ತಿ ಏರಿಳಿತವೂ ಇಲ್ಲ, ಐದು ದೊಡ್ಡ ಸುರಂಗ ಸಿಗುತ್ತವೆ. ಅಲ್ಲಿಂದ ಕೆಳಗೆ ನೋಡಿ: ಕಂದು ಬಂಡೆಗಳ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಪಟ್ಟಿ. ಅಲ್ಲಿಯವರೆಗೂ ಒಮ್ಮೆ ನೀರಿತ್ತು, ಇಳಿಯುವಾಗ ಖನಿಜ ಅಂಟಿಕೊಂಡು ಉಳಿದಿದೆ. ಮಕ್ಕಳಿಗೆ ಅದನ್ನು ತಪ್ಪದೆ ತೋರಿಸಿ.

ಸ್ವಂತ ಕಯಾಕ್ ಒಯ್ದರೆ ಅಲ್ಲಿಂದ ವಾಪಸ್ ಹೊರಡುವ ಮುಂಚೆ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ. 2007ರಿಂದ ಅಲ್ಲಿ ಕ್ವಾಗಾ ಅನ್ನುವ ಪುಟ್ಟ ಚಿಪ್ಪುಜೀವಿ ತುಂಬಿಕೊಂಡಿದೆ. ಅದು ನಿಮ್ಮ ಜೊತೆ ಇನ್ನೊಂದು ಕೆರೆಗೆ ಹೋಗಬಾರದು, ಅಲ್ವಾ?